ಶನಿವಾರದ ಅಂಜಿಕಿ ಪಾಠ

ನನ್ನ ಮೊಮ್ಮಗಳು ನಿನ್ನೆ ಸಾಲಿಯಲ್ಲಿ ಎದ್ದು ನಿಂತು ಓದಿದಳು. ಒಂದು ಪುಟ ಪೂರಾ. ನಡುವೆ ಎರಡು ಸಲ ನಿಂತಳು, ಉಸಿರು ತಗೊಂಡಳು, ಮತ್ತೆ ಓದಿದಳು. ಯಾರೋ ಬಂದು ಹೇಳಿದ ಸುದ್ದಿ ಅಲ್ಲ ಇದು. ಸಾಲಿಯ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ನಿಂತು, ಕಿಟಕಿಯಿಂದ ಬಂದ ಧ್ವನಿಯನ್ನ ನಾನೇ ಕೇಳೀನಿ.

ನಿನ್ನೆಯಿಂದ ಕೂತಲ್ಲಿ ಕೂಡಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇವತ್ತು ಬೆಳಿಗ್ಗೆಯಿಂದ ಮಸ್ಕಿಯ ಬಜಾರಿಗೆ ಮೂರು ಸಲ ಹೋಗಿ ಬಂದೆ. ತರೋದು ಏನೂ ಇರಲಿಲ್ಲ. ಅರಿವಿ ಅಂಗಡಿಯವನಿಗೆ ಹೇಳಿದೆ, "ನನ್ನ ಮೊಮ್ಮಗಳು ಓದಿದಳಪಾ" ಅಂತ. ಅವನು ಕಣ್ಣೂ ಎತ್ತದೆ, "ಸಾಲಿಗೆ ಹೋದವರು ಓದದ ಮತ್ತೇನ್ ಮಾಡ್ತಾರ್ರಿ?" ಅಂದ. ಅವನದು ತಪ್ಪಲ್ಲ. ಹಿಂದಿನದು ಅವನಿಗೆ ಗೊತ್ತಿಲ್ಲ. ಅದಕ್ಕೇ ಬರೆಯಲು ಕುಳಿತೆ. ಮಠದ ಅಯ್ಯನವರ ಹತ್ತಿರ ಮರಳಿನಲ್ಲಿ ಬೆರಳಾಡಿಸಿ ಕಲಿತ ಅಕ್ಷರ ನನ್ನದು, ಎರಡು ವರ್ಷದ ಓದು. ಕೈ ನಿಧಾನ. ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಅವಳಿಗೆ ಹದಿನಾಲ್ಕು. ಏಳನೇ ಇಯತ್ತೆ. ಆ ಕ್ಲಾಸಿನಲ್ಲಿ ಹೆಣ್ಣುಮಕ್ಕಳು ಮೂರೇ ಜನ. ಬರೆಯೋದರಲ್ಲಿ ಗಂಡುಹುಡುಗರನ್ನ ಹಿಂದೆ ಹಾಕುತ್ತಾಳೆ. ಆದರೆ ಮಾಸ್ತರು "ಎದ್ದು ಓದವಾ" ಅಂದರೆ ಮುಗೀತು. ಎದ್ದು ನಿಲ್ಲುತ್ತಾಳೆ, ಬಾಯಿ ತೆರೆಯುತ್ತಾಳೆ, ಧ್ವನಿ ಬರೋದಿಲ್ಲ. ಎದೆ ಏರಿಳಿಯುತ್ತದೆ, ಕೈ ಬೆವರುತ್ತದೆ, ಕಣ್ಣಿಗೆ ಕತ್ತಲು ಬಂದು ಕುಸಿಯುತ್ತಾಳೆ. ಹುಡುಗರು ಅವಳಿಗೆ ಮೀನು ಅಂತ ಹೆಸರಿಟ್ಟಿದ್ದರು, ಬಾಯಿ ತೆರೆದು ಮುಚ್ಚುತ್ತಾಳಲ್ಲ, ಅದಕ್ಕೆ. ಅತ್ತುಕೊಂಡು ಮನೆಗೆ ಬಂದ ದಿನಗಳು ಬಹಳ.

ನನ್ನ ಮಗ, ಅಂದರೆ ಅವಳ ಅಪ್ಪ, ಸಿಂಧನೂರಿನ ಕಡೆ ಕಾಲುವೆ ಕೆಲಸದಲ್ಲಿದ್ದಾನೆ. ಶನಿವಾರ ಸಂಜೆ ಮನೆಗೆ ಬರುತ್ತಾನೆ. ಹೋದ ತಿಂಗಳು ಬಂದವನು ಕಾಲು ತೊಳೆಯುವ ಮೊದಲೇ ಹೇಳಿದ:

"ಏಳನೇತ್ತೆ ಪರೀಕ್ಷಾಕ್ಕ ಲಿಂಗಸುಗೂರಿಗೆ ಹೋಗಬೇಕಂತ. ಅಲ್ಲಿ ಗುರ್ತಿಲ್ಲದ ಮಾಸ್ತರ ಮುಂದ ಬಾಯಿಲೆ ಓದಿ ತೋರಸಬೇಕಂತ. ಇಲ್ಲೇ ಬಾಯಿ ಬರದಾಕಿ ಅಲ್ಲೇನ್ ಓದ್ತಾಳ? ಇನ್ನೊಂದು ಸಲ ಅಳಕೋತ ಬಂದ್ರ ಸಾಲಿ ಸಾಕು, ಮನ್ಯಾಗ ಇರಲಿ."

ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನಾನು ಮೊಮ್ಮಗಳ ಮುಖ ನೋಡಿದೆ. ಒಣಗಿದ ಬಾಯಿಯನ್ನ ನಾಲಿಗೆಯಿಂದ ಸವರಿಕೊಳ್ಳುತ್ತಿದ್ದಳು.

ಮಠದಿಂದ ವಿಭೂತಿ ತಂದಿದ್ದಾಯಿತು, ದರ್ಗಾದಿಂದ ತಾಯತ ತಂದಿದ್ದಾಯಿತು. ಎರಡನ್ನೂ ಭಕ್ತಿಯಿಂದಲೇ ತಂದಿದ್ದೆ. ದೇವರ ಕಡೆಯಿಂದ ಅವುಗಳಲ್ಲಿ ಏನೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ನನ್ನ ಕಡೆ.

ಹೋದ ವರ್ಷ ಸಾಲಿಗೆ ಒಬ್ಬ ಹೊಸ ಮಾಸ್ತರು ಬಂದಿದ್ದಾರೆ. ಲಿಂಗಸುಗೂರಿನ ಕಡೆಯವರು, ಸಣ್ಣ ವಯಸ್ಸು, ದಪ್ಪ ಚಸ್ಮಾ. ಶನಿವಾರ ಕಡೇ ತಾಸಿನಲ್ಲಿ ಪುಸ್ತಕ ಮುಚ್ಚಿಸಿ ಬೇರೊಂದು ಪಾಠ ಹೇಳುತ್ತಾರೆ. ಅದಕ್ಕೆ ಅವರು ಏನು ಹೆಸರಿಟ್ಟಿದ್ದರೋ, ಹುಡುಗರು ಅಂಜಿಕಿ ಪಾಠ ಅನ್ನುತ್ತಾರೆ. ಅಂಜಿದಾಗ ಮೈಯಲ್ಲಿ ಏನಾಗುತ್ತದೆ, ಸಿಟ್ಟು ಬಂದಾಗ ಏನಾಗುತ್ತದೆ, ದುಃಖ ಹೋಗದೆ ಕೂತರೆ ಯಾರಿಗೆ ಹೇಳಬೇಕು, ಇಂಥವು. "ಹೊಟ್ಟಿ ನೋಯ್ತಂದ್ರ ಔಷಧ ಕೊಡ್ತಾರ, ಮನಸ್ಸು ನೋಯ್ತಂದ್ರ ನಗ್ತಾರ. ಈ ಕ್ವಾಣ್ಯಾಗ ಯಾರೂ ನಗಬಾರದು" ಅಂತ ಮೊದಲ ದಿನವೇ ಹೇಳಿದ್ದರಂತೆ.

ಊರಲ್ಲಿ ದೊಡ್ಡವರು ನಕ್ಕರು, ನಾನೂ ನಕ್ಕೆ. "ಅಂಜಿಕಿ ಕಲಸಾಕ ಸಾಲಿ ಬೇಕೇನು, ಮನ್ಯಾಗ ಅವರಪ್ಪ ಇಲ್ಲೇನು?" ಅಂತ ಕಟ್ಟೆ ಮೇಲೆ ನಾನೇ ಅಂದಿದ್ದೆ, ಎಲ್ಲರೂ ನಕ್ಕಿದ್ದರು. ಆ ಪಾಠಕ್ಕೆ ಮಾಸ್ತರು ಊರಿನ ಹಿರಿಯರನ್ನೂ ಕರೆಸುತ್ತಿದ್ದರು. ಒಬ್ಬೊಬ್ಬರು ಬಂದು ತಮ್ಮ ಕೆಲಸದಲ್ಲಿ ಅಂಜಿದ್ದು ಯಾವಾಗ, ಆಮೇಲೆ ಏನು ಮಾಡಿದೆವು ಅಂತ ಹೇಳಬೇಕು. ಸೂಲಗಿತ್ತಿ ಹೋಗಿ ಹೇಳಿದಳು. ಮೋಟಾರು ಓಡಿಸುವ ಸಾಹೇಬ ಹೋಗಿ, ಮಳೆಗಾಲದ ಹಳ್ಳದಲ್ಲಿ ಗಾಡಿ ನಿಂತಾಗ ತನ್ನ ಕಾಲು ನಡುಗಿದ್ದನ್ನ ನಡುಗಿಸಿ ತೋರಿಸಿದನಂತೆ. ಹುಡುಗರು ವಾರವೆಲ್ಲ ಹಾಗೇ ಕಾಲು ನಡುಗಿಸುತ್ತಾ ತಿರುಗಿದರು.

ಒಂದು ಮಂಗಳವಾರ ಮಾಸ್ತರು ನಮ್ಮ ಮನೆಗೆ ಬಂದರು. ಮೊಮ್ಮಗಳು ನೀರಿಗೆ ಹೋಗಿದ್ದಳು.

"ಹಿರೇರ, ನೀವು ಹಗೇವು ತೆಗಿಯೋದರಾಗ ಭಾಳ ಪಳಗಿದವರು ಅಂತ ಕೇಳೀನ್ರಿ. ಈ ಶನಿವಾರ ಸಾಲಿಗೆ ಬಂದು ಹುಡುಗರಿಗೆ ಹೇಳ್ರಿ."

ನಿಜ, ಅದು ನನ್ನ ಕೆಲಸ. ಜೋಳ ತುಂಬಿಡಲು ನೆಲದೊಳಗೆ ತೋಡುವ ಹಗೇವು ನಮ್ಮ ಕಡೆ ಹಳ್ಳಿಹಳ್ಳಿಗೂ ಇವೆ. ಸಂತೆಕಲ್ಲೂರಿನಿಂದ ಗುರುಗುಂಟಾದವರೆಗೆ ಮುಚ್ಚಿದ ಹಗೇವು ತೆಗೆದು ಜೋಳ ಎತ್ತಲು ನನ್ನನ್ನ ಕರೆಯುತ್ತಾರೆ. ನನ್ನ ಮುಖ ಅರಳಿತು. "ಬರ್ತೀನಿ ತಗೋರಿ" ಅಂದೆ.

ಮಾಸ್ತರು ಏಳಲಿಲ್ಲ. ಅಂಗಿಯ ಕಿಸೆಯಿಂದ ಮಡಿಚಿದ ಚೀಟಿ ತೆಗೆದರು. "ಯಾಕ ಬಾಯಿ ಬರೂದಿಲ್ಲ ಅಂತ ಹುಡುಗಿಗೆ ಕೇಳಿದ್ದೆ. ಬಾಯಿಲೆ ಹೇಳಲಿಲ್ಲ, ಬರದು ಕೊಟ್ಟಾಳ. ಮನ್ಯಾಗ ಒಬ್ಬರಿಗೆ ತೋರಸ್ತೀನಿ ಅಂದೆ, ಮುತ್ಯಾಗ ತೋರಸ್ರಿ ಅಂದ್ಲು. ನಾ ಓದ್ಲೇನು?"

"ಬ್ಯಾಡ್ರಿ, ನಾನ ಓದ್ತೀನಿ" ಅಂದೆ.

ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ನಾಲ್ಕೇ ಮಾತು ಇದ್ದವು. ಅವನ್ನ ಓದಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. *ನಾನು ಒದರಿದರೆ ಎಲ್ಲರೂ ಸಾಯುತ್ತಾರೆ.*

"ಏನಿದು ಹಿರೇರ?" ಅಂದರು ಮಾಸ್ತರು.

"ನನಗೇನ್ ಗೊತ್ತ್ರಿ, ಹುಡುಗಾಟ" ಅಂದೆ.

ಗೊತ್ತಿತ್ತು.

ನಲವತ್ತೆಂಟರ ಗದ್ದಲದಲ್ಲಿ, ನಿಜಾಮನ ರಾಜ್ಯ ಮುಗಿಯುವ ದಿನಗಳಲ್ಲಿ, ನಾವು ಸಂತೆಕಲ್ಲೂರಿನಲ್ಲಿದ್ದೆವು. ಯಾರು ಬಂದಿದ್ದರು, ಯಾಕೆ ಬಂದಿದ್ದರು ಅನ್ನೋದನ್ನ ಇಲ್ಲಿ ಬರೆಯೋದಿಲ್ಲ. ಆ ದಿನಗಳಲ್ಲಿ ಒಂದೊಂದು ಓಣಿಯವರು ಒಬ್ಬೊಬ್ಬರಿಗೆ ಅಂಜಿದ್ದರು. ಒಂದು ಮಧ್ಯಾಹ್ನ ಊರಬಾಗಿಲಿನ ಅಗಸಿ ಕಡೆಯಿಂದ ಬಂದೂಕಿನ ಸಪ್ಪಳ ಕೇಳಿತು. ಮಗ ಊರಲ್ಲಿರಲಿಲ್ಲ. ಹಿತ್ತಲ ಹಗೇವು ಖಾಲಿಯಾಗಿ ಬಾಯಿ ತೆರೆದೇ ಇತ್ತು. ನಾನು, ನನ್ನಾಕೆ, ಸೊಸೆ, ಆರು ವರ್ಷದ ಈ ಕೂಸು, ನಾಲ್ಕು ಜನ ಒಳಗಿಳಿದೆವು. ಒಳಗಿಂದಲೇ ಬಾಯಿ ಮುಚ್ಚುವ ಬಂಡೆಯನ್ನ ಅರ್ಧ ಎಳೆದು, ಉಳಿದ ಸಂದಿಗೆ ಜೋಳದ ಒಣದಂಟಿನ ಕಣಿಕೆ ಹೊರೆ ಜಗ್ಗಿಕೊಂಡೆ. ಸೊಸೆ ಕೂಸನ್ನ ತೊಡೆ ಮೇಲೆ ಇಟ್ಟುಕೊಂಡು ಅದರ ಬಾಯಿ ಮೇಲೆ ಕೈ ಇಟ್ಟಿದ್ದಳು.

ಮೇಲೆ ಹೆಜ್ಜೆ ಸಪ್ಪಳ ಬಂತು. ಹಿತ್ತಲಿಗೇ ಬಂತು. ಹಗೇವಿನ ಬಾಯಿಯ ಹತ್ತಿರ ಯಾರೋ ನಿಂತರು. ಅವರ ಕಾಲಿನ ಮಣ್ಣು, ಒಂದು ಹಿಡಿ, ನನ್ನ ಕತ್ತಿನ ಮೇಲೆ ಬಿತ್ತು. ಆಗ "ಯವ್ವಾ" ಅಂತ ಜೋರಾಗಿ ಒದರಿದವನು ನಾನು. ಐವತ್ತು ದಾಟಿದ ಗಂಡಸು, ಸತ್ತು ಮೂವತ್ತು ವರ್ಷವಾದ ತಾಯಿಯನ್ನ ಕರೆದೆ. ನನ್ನಾಕೆ ಸೆರಗು ಉಂಡೆ ಮಾಡಿ ನನ್ನ ಬಾಯಿಗೆ ತುರುಕಿದಳು. ಮೇಲಿದ್ದವರು ಕೇಳಿಸಿಕೊಂಡರೋ ಇಲ್ಲವೋ, ಕೇಳಿಯೂ ಬಿಟ್ಟರೋ, ಹೆಜ್ಜೆ ಸಪ್ಪಳ ದೂರ ಹೋಯಿತು.

ಸಂಜೆ ಮುಂದೆ ಹೊರಗೆ ಬಂದೆವು. ಪಕ್ಕದ ಮನೆಯವರು ಕೇಳಿದರು, "ಒದರಿದವರು ಯಾರು? ನಮ್ಮ ಅಟ್ಟದ ಮ್ಯಾಲ ತನಕ ಕೇಳಿಸ್ತು." ನನ್ನ ಬಾಯಿ ತಾನೇ ತೆರೆಯಿತು. "ಕೂಸು. ಸಣ್ಣ ಕೂಸು, ಅಂಜಿತ್ತು" ಅಂದೆ.

ಇಷ್ಟೇ ನಾನು ಮಾಡಿದ್ದು. ಮಾಡಿದ್ದು ಒಂದು ಸಲ, ಆಡಿದ್ದು ಎಂಟು ವರ್ಷ. ಅದು ಮನೆಯ ನಗೆಮಾತಾಯಿತು. ಬೀಗರು ಬಂದರೆ ಹೇಳೋದು, ಹಗೇವು ತೆಗೆಯುವ ದಿನ ಹೇಳೋದು. "ಇಕಿನ್ನ ದೂರ ಕರಕೊಂಡು ಹೋಗ್ರಿ, ಅವತ್ತು ಒದರಿ ನಮ್ಮನ್ನೆಲ್ಲ ಸಾಯಿಸಾಕಿದ್ಲು." ಎಲ್ಲರೂ ನಗುತ್ತಿದ್ದರು, ಕೂಸೂ ನಗುತ್ತಿತ್ತು. ನನ್ನಾಕೆಗೆ ನಿಜ ಗೊತ್ತಿತ್ತು, ಗಂಡನ ಮರ್ಯಾದೆ ಅಂತ ಸುಮ್ಮನಿದ್ದಳು. ಸೊಸೆಗೂ ಗೊತ್ತಿತ್ತು. ಮಾವ ಹೇಳಿದ್ದು ಸುಳ್ಳು ಅಂತ ಎದುರಿಗೆ ಹೇಳುವ ಸೊಸೆ ನಮ್ಮ ಕಡೆ ಎಲ್ಲಿದ್ದಾಳೆ? ಮಗನಿಗೆ ಗೊತ್ತಿರಲಿಲ್ಲ. ಕೇಳಿ ಕೇಳಿ ಕೂಸಿನ ಮನಸ್ಸಿನಲ್ಲಿ, ತಾನೇ ಒದರಿದ್ದು ಅಂತ ಗಟ್ಟಿಯಾಗಿ ಕೂತಿತ್ತು.

ಆ ಮಂಗಳವಾರದಿಂದ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಬುಧವಾರ ಎದ್ದವನೇ ಮೋಟಾರು ಹತ್ತಿ ಸಿಂಧನೂರಿಗೆ ಹೋದೆ, ಮೊದಲು ಮಗನಿಗೆ ಹೇಳೋಣ ಅಂತ. ಅವನು ಮಣ್ಣು ಹೊರುವವರ ನಡುವೆ ನಿಂತಿದ್ದ. ನನ್ನನ್ನ ನೋಡಿ ಗಾಬರಿಯಾಗಿ ಓಡಿ ಬಂದ.

"ಯಾಕ ಯಪ್ಪಾ? ಅವ್ವ ಆರಾಮ ಅದಾಳಿಲ್ಲ?"

"ಆರಾಮ ಅದಾಳ. ಸುಮ್ಮನ ಬಂದೆ."

"ಸುಮ್ಮನ ಯಾರ್ ಬರ್ತಾರ ಇಷ್ಟು ದೂರ?"

"ಕಾಲುವೆ ಹೆಂಗ ಆಗಾಕತ್ತೈತಿ ನೋಡೋಣಂತ."

ಕಾಲುವೆ ತೋರಿಸಿದ. ಎಷ್ಟು ಅಗಲ, ಎಷ್ಟು ಆಳ ಅಂತ ಹೇಳಿದ. ನಾನು ತಲೆ ಆಡಿಸಿದೆ, ಒಂದೂ ಒಳಗಿಳಿಯಲಿಲ್ಲ. ಮಂಡಕ್ಕಿ ಕೊಡಿಸಿದ, ತಿಂದೆ. ಮತ್ತೆ ಮೋಟಾರು ಹತ್ತಿ ಹೇಳದೆ ವಾಪಸು ಬಂದೆ. ಗುರುವಾರ, ಶುಕ್ರವಾರ ಮನೆಗೂ ಬಜಾರಿಗೂ ನಡೆದೆ. ನನ್ನಾಕೆ, "ಕಾಲಾಗ ಏನ್ ಗಾಲಿ ಹಚ್ಚಿಸಿಕೊಂಡೀರಿ? ಕೂಡ್ರಿ ಒಂದು ಕಡಿ" ಅಂದಳು. ಕೂತೆ. ಮತ್ತೆ ಎದ್ದೆ.

ಶನಿವಾರ ಕಂದೀಲು, ಹಗ್ಗ ತಗೊಂಡು ಸಾಲಿಗೆ ಹೋದೆ. ಹುಡುಗರು ನೆಲದ ಮೇಲೆ ಸಾಲಾಗಿ ಕೂತಿದ್ದರು, ಆ ಕಡೆ ಮೂರು ಹುಡುಗಿಯರು. ನನ್ನ ಮೊಮ್ಮಗಳು ನನ್ನನ್ನ ನೋಡಿ ತಲೆ ಕೆಳಗೆ ಹಾಕಿದಳು. ಕೆಲಸದ ಮಾತು ಬಂದರೆ ನನಗೆ ಹುರುಪು ಜಾಸ್ತಿ. ಮುಚ್ಚಿಟ್ಟ ಹಗೇವಿನ ಬಾಯಿ ತೆಗೆದ ಕೂಡಲೇ ಇಳಿಯಬಾರದು ಅಂತ ಹೇಳಿದೆ. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ, ವಾಸನೆ ಇರೋದಿಲ್ಲ, ಕಣ್ಣಿಗೆ ಕಾಣೋದಿಲ್ಲ, ಇಳಿದವನು ಅಲ್ಲೇ ಮಲಗುತ್ತಾನೆ. ಬಾಯಿ ತೆಗೆದು ಅರ್ಧ ದಿನ ಬಿಡಬೇಕು. ಕಂಬಳಿ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ ಗಾಳಿ ಎಬ್ಬಿಸಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಬಿಡಬೇಕು. ದೀಪ ಆರಿದರೆ ಇಳಿಯಬಾರದು, ಎಷ್ಟೇ ಅವಸರ ಇರಲಿ. ಹಗ್ಗ ಹಿಡಿದು ಕಂದೀಲನ್ನ ಇಳಿಸಿ ಏರಿಸಿ ತೋರಿಸಿದೆ. ಹುಡುಗರು ಬಾಯಿ ತೆರೆದು ನೋಡುತ್ತಿದ್ದರು.

ಮುಂದಿನ ಸಾಲಿನ ಒಬ್ಬ ಕೇಳಿದ, "ಮುತ್ಯಾ, ನಿಮಗ ಹಗೇವಿನ್ಯಾಗ ಎಂದರ ಅಂಜಿಕಿ ಆಗೇತೇನ್ರಿ?"

"ನನಗ್ಯಾತರ ಅಂಜಿಕ್ಯೋ" ಅಂದೆ. ರೂಢಿ. ಯೋಚನೆ ಮಾಡಿ ಅಂದದ್ದಲ್ಲ.

ಮಾಸ್ತರು ನನ್ನನ್ನ ನೋಡಿದರು. "ನಮಸ್ಕಾರ ಹೇಳ್ರಿ ಹಿರೇರಿಗೆ" ಅಂದರು. ಎಲ್ಲರೂ ಹೇಳಿದರು. ಕಂದೀಲು ಎತ್ತಿಕೊಂಡು ಹೊರಗೆ ಬಂದೆ. ಅಂಗಳ ದಾಟಿದೆ, ಬೇವಿನ ಗಿಡದ ತನಕ ಬಂದೆ. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ಗಿಡ ಸುತ್ತಿದೆ. ಮೋಟಾರು ಸಾಹೇಬ ಕಾಲು ನಡುಗಿಸಿ ತೋರಿಸಿದ್ದು ನೆನಪಾಯಿತು. ಅವನಿಗೆ ಇದ್ದ ಧೈರ್ಯ ನನಗಿಲ್ಲವಲ್ಲ ಅಂತ ಸಿಟ್ಟು ಬಂತು. ತಿರುಗಿ ಹೋಗಿ ಬಾಗಿಲಲ್ಲಿ ನಿಂತೆ.

"ಮಾಸ್ತರ, ಒಂದು ಮಾತು ಉಳದೈತಿ."

"ಬರ್ರಿ ಒಳಗ."

"ಇಲ್ಲೇ ಹೇಳ್ತೀನ್ರಿ." ಕಂದೀಲು ಕೆಳಗಿಟ್ಟೆ. "ಈ ಹುಡುಗ ಕೇಳಿದ್ದಕ್ಕ ನಾ ಸುಳ್ಳು ಹೇಳಿದೆ. ನಾ ಅಂಜೀನಿ. ಗದ್ದಲದ ವರ್ಷ ಹಗೇವಿನ್ಯಾಗ ಅಡಗಿ ಕುಂತಾಗ ಯವ್ವಾ ಅಂತ ಒದರೀನಿ. ನಾಕು ಮಂದಿ ಇದ್ದಿವಿ ಒಳಗ, ಒದರಿದಾವ ನಾನೊಬ್ಬನ. ಹೊರಗ ಬಂದು ನನ್ನ ಮೊಮ್ಮಗಳ ಮ್ಯಾಲ ಹಾಕಿದೆ. ಅಕಿ ಆರು ವರ್ಷದಾಕಿ. ಅಕಿ ಪಿಟ್ ಅಂದಿರಲಿಲ್ಲ."

ಹಿಂದೆ ಯಾರೋ ಕಿಸಕ್ಕಂದ. ಮಾಸ್ತರು ಗದರಿಸಲಿಲ್ಲ. ಕೇಳಿದ್ದ ಹುಡುಗನೇ ಹಿಂದೆ ತಿರುಗಿ, "ನಗಬ್ಯಾಡಲೇ" ಅಂದ. ಆಮೇಲೆ ಮೆಲ್ಲಗೆ, "ನಮ್ಮಪ್ಪನೂ ನಿದ್ದ್ಯಾಗ ಒದರ್ತಾನ್ರಿ, ಗದ್ದಲದ ವರ್ಷದಿಂದ" ಅಂತ ಹೇಳಿದ. ಇನ್ನೊಬ್ಬ ತನ್ನ ಅಕ್ಕನದು ಏನೋ ಹೇಳಿದ. ಮಾಸ್ತರು ಚಸ್ಮಾ ತೆಗೆದು ಒರೆಸಿಕೊಂಡು, "ಒಬ್ಬೊಬ್ಬರ ಹೇಳ್ರಿ, ಎಲ್ಲಾರದೂ ಕೇಳೋಣು" ಅಂದರು. ನನ್ನ ಮೊಮ್ಮಗಳು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ಪ್ರೀತಿಯಂತೂ ಇರಲಿಲ್ಲ.

ಸಾಲಿ ಬಿಟ್ಟ ಮೇಲೆ ಮನೆಗೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ನಾನು ಜೋರಾಗಿ ನಡೆದರೆ ಅವಳೂ ಜೋರು. ಆ ವಾರ ಮಗ ಬರಲಿಲ್ಲ, ಕೆಲಸ ಬಿಗಿಯಾಗಿತ್ತು. ನಾನು ಬಂದು ನನ್ನಾಕೆಗೂ ಸೊಸೆಗೂ ಹೇಳಿದೆ, ಸಾಲಿಯಲ್ಲಿ ಹೀಗೆ ಹೇಳಿ ಬಂದೀನಿ ಅಂತ. ನನ್ನಾಕೆ, "ಕಡೀಕೂ ಹೇಳಿದ್ರಿ" ಅಂದಳು, ಅಷ್ಟೇ. ಸೊಸೆ ಒಳಗೆ ಹೋದಳು. ಒಳಗೆ ಅತ್ತ ಸಪ್ಪಳ ಕೇಳಿತು.

ಭಾನುವಾರದಿಂದ ಮಂಗಳವಾರದ ತನಕ ಹುಡುಗಿ ನನ್ನ ಕೂಡ ಮಾತಾಡಲಿಲ್ಲ. ತಂಬಿಗೆ ನೀರು ತಂದು ಪಕ್ಕದಲ್ಲಿ ಕುಕ್ಕಿ ಹೋಗುತ್ತಿದ್ದಳು. ಕಟ್ಟೆ ಮೇಲಿನ ನನ್ನ ಓರಗೆಯವನೊಬ್ಬ, "ಏನೋ, ಯವ್ವಾ ಅಂದಿದ್ದಿಯಂತಲ್ಲೋ? ನಿಮ್ಮವ್ವ ಬಂದಿದ್ಲೇನು?" ಅಂತ ಕಾಡಿದ. "ಬಂದಿದ್ಲು, ನಿನ್ನ ಕೇಳಿದ್ಲು" ಅಂದು ಮುಂದೆ ನಡೆದೆ. ಅದು ನನಗೆ ನಾಟಲಿಲ್ಲ. ತಂಬಿಗೆ ಕುಕ್ಕಿದ್ದು ನಾಟಿತ್ತು.

ಬುಧವಾರ ತಂಬಿಗೆ ಇಟ್ಟವಳು ಹೋಗಲಿಲ್ಲ.

"ಮುತ್ಯಾ, ನೀ ಒದರಿದಾಗ ನಾ ಏನ್ ಮಾಡಾಕತ್ತಿದ್ದೆ?"

"ನನ್ನ ನೋಡಾಕತ್ತಿದ್ದಿ."

"ಅಷ್ಟನ?"

"ಅಷ್ಟ. ಕೈಯಾಗ ಒಂದು ಕಣಿಕಿ ಕಡ್ಡಿ ಹಿಡಕೊಂಡಿದ್ದಿ."

ಅವಳು ತನ್ನ ಕೈ ನೋಡಿಕೊಂಡಳು. "ಅಳಲಿಲ್ಲ?"

"ಇಲ್ಲವ್ವಾ. ನೀ ಅಳಲಿಲ್ಲ."

"ಮತ್ತ ಇಷ್ಟು ದಿವಸ ಯಾಕ ನಗಿಸಿದಿ ಎಲ್ಲಾರ್ನೂ?"

"ನನಗ ನಾಚಿಕಿ ಆಗಿತ್ತು" ಅಂದೆ. ಅವಳು ಒಳಗೆ ಹೋದಳು.

ನಿನ್ನೆ ಶನಿವಾರ. ಮಗ ಸಂಜೆಗೆ ಬರುವವನಿದ್ದ. ಹುಡುಗಿ ಮತ್ತೆ ಅತ್ತುಕೊಂಡು ಬಂದರೆ ಅವನು ತನ್ನ ಮಾತು ನಡೆಸುತ್ತಾನೆ ಅಂತ ನನಗೆ ಗೊತ್ತಿತ್ತು. ಮನೆಯಲ್ಲಿರಲಾಗಲಿಲ್ಲ. ಸಾಲಿಯ ಹಿಂದಿನ ಗೋಡೆಗೆ ಹೋಗಿ ನಿಂತೆ. ಒಂದು ಮೇಕೆ ಅಲ್ಲಿ ಮೇಯುತ್ತಿತ್ತು, ಯಾರಾದರೂ ನೋಡಿದರೆ ಅದನ್ನ ಕಾಯುತ್ತಿದ್ದೇನೆ ಅನ್ನೋಣ ಅಂತ. ಒಳಗೆ ಒಬ್ಬೊಬ್ಬರನ್ನ ಎಬ್ಬಿಸಿ ಓದಿಸುತ್ತಿದ್ದರು. ಅವಳ ಸರದಿ ಬಂತು. ಸುಮ್ಮನಾಯಿತು. ನಾನು ಲೆಕ್ಕ ಮಾಡುವಷ್ಟು ಹೊತ್ತು ಸುಮ್ಮನಾಯಿತು. ಮಾಸ್ತರ ಧ್ವನಿ ಬಂತು, "ಅವಸರ ಇಲ್ಲ. ಮೊದಲು ಉಸರು ಬಿಡು, ಆಮ್ಯಾಲ ಓದು."

ಆಮೇಲೆ ಅವಳ ಧ್ವನಿ ಬಂತು. ಸಣ್ಣದಾಗಿ ಶುರುವಾಗಿ, ಎರಡು ಸಾಲು ಆದ ಮೇಲೆ ಗಟ್ಟಿಯಾಯಿತು. ಏನು ಓದಿದಳು ಅಂತ ಕೇಳಿದರೆ ನನಗೆ ಹೇಳಲು ಬರೋದಿಲ್ಲ. ಹಳ್ಳ, ಮೀನು, ಏನೋ ಇತ್ತು. ಮೀನು ಅಂದಾಗಲೂ ಯಾರೂ ನಗಲಿಲ್ಲ. ನಾನು ಮೇಕೆಯ ಕತ್ತು ಹಿಡಿದುಕೊಂಡು ನಿಂತುಬಿಟ್ಟಿದ್ದೆ. ಅದು ಒದ್ದಾಡಿ ಬಿಡಿಸಿಕೊಂಡು ಓಡಿತು.

ಸಂಜೆ ಮಗ ಬಂದ. ಅವನಿಗೆ ಮೊದಲು ಓದಿದ ಸುದ್ದಿ ಹೇಳಬೇಕು ಅಂತ ನಾನು ಹೊಸ್ತಿಲಲ್ಲೇ ನಿಂತಿದ್ದೆ, ಬಾಯಿ ತೆಗೆಯುವಷ್ಟರಲ್ಲಿ ಹುಡುಗಿಯೇ ಹೇಳಿದಳು, "ಯಪ್ಪಾ, ನಾ ಇವತ್ತು ಓದಿದೆ." ಮಗ ನನ್ನ ಮುಖ ನೋಡಿದ. ಅವನಿಗೆ ಉಳಿದದ್ದನ್ನ ಅಲ್ಲೇ ನಿಂತು ಹೇಳಿದೆ, ಹಗೇವು, ನನ್ನ ಒದರು, ನನ್ನ ಸುಳ್ಳು. ಅವನು ಕೂತ.

"ನಾನೂ ಎಷ್ಟು ಮಂದಿ ಮುಂದ ಹೇಳಿ ನಕ್ಕೀನಿ" ಅಂದ.

ನಮ್ಮ ಮನೆಯಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು ಉಣ್ಣುತ್ತಾರೆ. ನಿನ್ನೆ ನನ್ನಾಕೆ ಐದು ತಾಟು ಒಟ್ಟಿಗೇ ಇಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಕುಟ್ಟಿದ ಖಾರದ ಹಿಂಡಿ, ಹುಡುಗಿಯ ಸಲುವಾಗಿ ಸ್ವಲ್ಪ ಸಿಹಿ ಸಜ್ಜಕ. ಸೊಸೆ ನನ್ನ ಎದುರಿಗೆ ಕೂತಳು. ಮದುವೆಯಾಗಿ ಬಂದಾಗಿನಿಂದ ಹಾಗೆ ಕೂತಿರಲಿಲ್ಲ. ತಾಟಿನಿಂದ ಕಣ್ಣೆತ್ತದೆ ಹೇಳಿದಳು:

"ನನ್ನ ಕೈ ಅಕಿ ಬಾಯಿ ಮ್ಯಾಲ ಇತ್ರಿ ಮಾವಾ. ಅಕಿ ತುಟಿ ಅಲ್ಲಾಡಿರಲಿಲ್ಲ. ಎಂಟು ವರ್ಷ ಇದನ್ನ ಹೇಳಬೇಕಂತ ಮಾಡೀನಿ."

"ಹೇಳಬೇಕಿತ್ತವ್ವಾ" ಅಂದೆ.

"ಹೇಳಿದ್ರ ಕೇಳ್ತಿದ್ರೇನ್ರಿ?"

ಕೇಳುತ್ತಿರಲಿಲ್ಲ. ಹಾಗೇ ಅಂದೆ. ಅವಳು ತಲೆ ಆಡಿಸಿ ರೊಟ್ಟಿ ಮುರಿದಳು.

ಮಗ ಕೇಳಿದ, "ಲಿಂಗಸುಗೂರಿನ ಪರೀಕ್ಷಾ ಯಾವಾಗ ಬೇ?"

"ಮುಂದಿನ ತಿಂಗಳ."

"ನಾ ರಜಾ ಹಾಕಿ ಬರ್ತೀನಿ ನಿನ್ನ ಕೂಡ."

"ಮುತ್ಯಾ ಬರ್ತಾನ" ಅಂದಳು ಹುಡುಗಿ, ನನ್ನ ಕಡೆ ನೋಡದೆ. "ಆದ್ರ ಹೊರಗ ನಿಂದರಬೇಕು. ಕಿಟಕಿ ಹತ್ರ ಬರಬಾರದು. ಇವತ್ತ ಗ್ವಾಡಿ ಹಿಂದ ನಿಂತಿದ್ದ, ಎಲ್ಲಾರೂ ನೋಡ್ಯಾರ. ಮೇಕಿ ಒದರಿದ್ದು ಒಳಗ ಕೇಳಿಸ್ತು."

ಎಲ್ಲರೂ ನಕ್ಕರು, ನನ್ನಾಕೆ ಎಲ್ಲರಿಗಿಂತ ಜೋರಾಗಿ. ರೊಟ್ಟಿ ಆರತಾವು, ಉಣ್ಣ್ರಿ ಅಂತ ಅವಳೇ ಗದರಿಸಿದಳು. ಹುಡುಗಿ ಕೈ ಚಾಚಿ ನನ್ನ ತಾಟಿನಲ್ಲಿ ಹಿಂಡಿ ಹಾಕಿ, ಅದಕ್ಕೆ ಗುಳಿ ಮಾಡಿ ಎಣ್ಣೆ ಬಿಟ್ಟಳು. ಐದೂ ಜನ ಉಂಡೆವು.